ಅಕ್ಬರಿ ಬೇಗಂ ಬಿಚ್ಚುತ್ತಿರುವ ನೂಲು

ರಾಮನಗರದಲ್ಲಿ ಅರ್ಕಾವತಿಯ ದಂಡೆಗೆ ಸರ್ಕಾರ ಹೊಸ ರೂಪ ಕೊಟ್ಟ ಮೇಲೆ ಸಂಜೆ ವಾಕಿಂಗಿಗೆ ಬರುವವರಿಗೆ ಲೆಕ್ಕವಿಲ್ಲ. ಕಲ್ಲುಹಾಸು, ದೀಪದ ಕಂಬ, ಬೆಂಚು, ಮಳೆ ಬಂದರೆ ನುಗ್ಗಲು ತಗಡಿನ ಮಂಟಪ. ಆ ಮುಸ್ಸಂಜೆ ಮಳೆ ಹೇಳದೆ ಕೇಳದೆ ಸುರಿದು, ನಡೆಯಲು ಬಂದವರೆಲ್ಲ ಆ ಮಂಟಪದೊಳಗೆ ಒತ್ತಿಕೊಂಡು ನಿಂತರು. ಬೇಯಿಸಿದ ಕಡಲೆಕಾಯಿ ಮಾರುವ ಮುದುಕಿ ಸಿದ್ದಮ್ಮ ಮೊದಲೇ ಅಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

ಅದೇ ಗುಂಪಿನಲ್ಲಿ ಲೋಕೇಶ್ ಹೆಂಡತಿ ಭಾನುಪ್ರಿಯಳಿಗಾಗಿ ಕಾಯುತ್ತಿದ್ದ. ಈ ದಂಡೆಗೆ ಕಲ್ಲು ಹಾಸಿಸಿದ ಮೇಸ್ತ್ರಿ ಅವನೇ. ಭಾನುಪ್ರಿಯ ದಿನಾ ಇಲ್ಲಿ ನಡೆಯುತ್ತಾಳೆ. ಮೊದಮೊದಲು ತೆಳ್ಳಗಾದೆ ಎಂದು ಹಿಗ್ಗಿದ್ದಳು. ಈಗ ಬಳೆ ಮೊಣಕೈವರೆಗೆ ಜಾರುತ್ತದೆ. ಊಟ ಸರಿಯಾಗಿಯೇ ಸೇರುತ್ತದೆ, ಡಾಕ್ಟರಿಗೆ ಯಾವ ಕಾಯಿಲೆಯೂ ಸಿಗಲಿಲ್ಲ. ವಾಕಿಂಗ್ ಬಿಡು ಎಂದರೆ, ಹೊತ್ತಾದರೆ ಕಾಲು ತಾನೇ ಇತ್ತ ಎಳೆಯುತ್ತದೆ ಎನ್ನುತ್ತಾಳೆ. ಇವಳನ್ನು ಕಳೆದುಕೊಂಡುಬಿಡುತ್ತೇನೆ ಎಂಬ ಭಯ ಲೋಕೇಶನನ್ನು ನಿದ್ದೆಯಲ್ಲೂ ಬಿಡುತ್ತಿರಲಿಲ್ಲ.

ಮಂಟಪದಲ್ಲಿ ಯಾರೋ ಜೇಡರ ಬಲೆ ತಗುಲಿತೆಂದು ಬೈದುಕೊಂಡು ಮುಖ ಒರೆಸಿಕೊಂಡರು. ಸಿದ್ದಮ್ಮ ನಕ್ಕಳು.

"ಜೇಡನ್ನ ಯಾಕಪ್ಪ ಬೈತೀಯ, ಈ ಹೊಸ ಮಂಟಪಕ್ಕೆ ಅದಕ್ಕಿನ್ನೂ ದಾರಿ ಗೊತ್ತಿಲ್ಲ... ಕೇಳ್ರಪ್ಪ, ಮಳೆ ಹೆಂಗೂ ಬುಡಂಗಿಲ್ಲ. ಇಲ್ಲಿ ಮುಂಚೆ ಏನಿತ್ತು ಗೊತ್ತಾ? ಸಾಲಾಗಿ ರೇಷ್ಮೆ ಶೆಡ್ಡುಗಳು. ಅಕ್ಬರಿ ಬೇಗಂ ಶೆಡ್ಡಲ್ಲಿ ನಾನು ಗೂಡು ಬೇಯಿಸ್ತಿದ್ದೆ, ಆಯಮ್ಮ ಚರಕದ ಮುಂದೆ ಕೂತು ನೂಲು ಬಿಚ್ಚೋಳು. ಬಿಸಿನೀರಾಗೆ ಗೂಡು ತೇಲ್ತಾ ಇರ್ತವೆ, ಒಂದೊಂದ್ರ ಎಳೆ ಹುಡುಕಿ ತಗದು, ಅಷ್ಟೂ ಎಳೆ ಸೇರ್ಸಿ ಒಂದು ನೂಲು ಮಾಡ್ಬೇಕು. ನಡುವೆ ಒಂದು ಗೂಡು ಬಿಚ್ಚಿ ಮುಗೀತಾ, ಒಳಗಿನ ಹುಳ ಬರಿಮೈಯಾಗೆ ತೇಲ್ತದೆ... ಚರಕ ನಿಲ್ಸಂಗಿಲ್ಲ, ತಕ್ಷಣ ಪಕ್ಕದ ಗೂಡಿನ ಎಳೆ ಕೊಡ್ಬೇಕು. ಇನ್ನೊಂದು, ಬೇಯ್ಸಿದ ಗೂಡ್ನ ಬಿಚ್ಚದೆ ಬುಟ್ಟು ಏಳಂಗಿಲ್ಲ, ಕೊಳೀತವೆ.

"ಆ ಮಳೆಗಾಲ, ದಂಡೆ ಅಂದ ಮಾಡ್ತೀವಿ ಜಾಗ ಬುಡಿ ಅಂದ್ರು ಸರ್ಕಾರದೋರು. ಎಲ್ರೂ ಸಾಮಾನು ಕಟ್ಕಂಡು ಊರಾಚೆಗೆ ಹೊಂಟೋದ್ರು. ನಾನು ಕೈ ಹಿಡಿದು ಕರೆದೆ. ಆಯಮ್ಮ ತಲೆ ಎತ್ತದೆ ಏನಂದ್ಲು ಗೊತ್ತಾ? ಬೇಯ್ಸಿರೋದು ಮುಗಿಸಿ ಬತ್ತೀನಿ, ನೀ ನಡಿ ಅಂದ್ಲು... ಅವತ್ತೇ ಹೊಳೆ ಏರ್ತು, ಜೆಸಿಬಿ ಕೆರೆದು ಬುಟ್ಟಿದ್ದ ದಂಡೆ ಕುಸೀತು, ಗೋಡೆ, ಚರಕ, ಆಯಮ್ಮ ಎಲ್ಲಾ ಒಟ್ಗೆ ನೀರಿಗೋದ್ವು. ಹೆಣ ಸಿಕ್ದಾಗ ಬೆರಳಿಗೆ ಎಳೆ ಸುತ್ಕಂಡಿತ್ತು ಕಣ್ರಪ್ಪ, ಅದರ ಇನ್ನೊಂದು ತುದಿ ಹೊಳೆಯೊಳಗೆ... ಎಳೆದ್ರು, ಎಳೆದ್ರು, ಬತ್ತಾನೇ ಐತೆ. ಕೊನೆಗೆ ಕಡಿದು ಮಣ್ಣು ಮಾಡಿದ್ರು. ಅಲ್ಲಿಗೆ ಮುಗೀತು ಅಂದ್ಕಂಡ್ರಾ? ಕೆಲ್ಸ ಅರ್ಧಕ್ಕೆ ಬುಟ್ಟು ಏಳೋ ಹೆಂಗಸಲ್ಲ ಅವ್ಳು. ಗೂಡೆಲ್ಲ ಹೊಳೆ ಪಾಲಾದ್ವು, ಚರಕಾನೋ ಖಾಲಿ ತಿರುಗಂಗಿಲ್ಲ... ದಂಡೆ ಮ್ಯಾಲೆ ಓಡಾಡೋರು ಇಷ್ಟು ಜನ ಇದ್ದೀರಲ್ಲ."

ಲೋಕೇಶ್ ಜನರನ್ನು ಸರಿಸಿಕೊಂಡು ಮುದುಕಿಯ ಹತ್ತಿರ ಬಂದ. ಶೆಡ್ಡುಗಳು ಖಾಲಿಯಾಗಿವೆ ಎಂದು ಅವನಿಗೆ ಹೇಳಿದ್ದರು. ಒಳಗೆ ಇಣುಕಿಯೂ ನೋಡದೆ ಜೆಸಿಬಿಗೆ ಕೈಬೀಸಿದವನು ಅವನೇ. ಹೊಳೆಯಲ್ಲಿ ಹೆಂಗಸೊಬ್ಬಳು ಕೊಚ್ಚಿಹೋದಳೆಂದು ಕೇಳಿದಾಗಲೂ, ಅವಳು ಆ ಶೆಡ್ಡಿನವಳಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ.

"ಎಳೆ ಎಲ್ಲಿ ಹಿಡೀತಾಳಜ್ಜಿ?" ಎಂದು ಕೇಳಿದ.

"ಕತ್ತಿನ ಹಿಂದೆ, ಕೂದಲು ಸುರುವಾಗೋ ತಾವ. ದಿನಾ ಒಸಿ ಒಸಿ ಬಿಚ್ತಾಳೆ. ನೋವಿಲ್ಲ... ತೆಳ್ಳಗಾದೆ ಅಂತ ಸಂತೋಷ ಬ್ಯಾರೆ."

"ಕಡಿದ್ರೆ?"

"ಹಲ್ಲಲ್ಲಿ ಕಡಿದ್ರೆ ಕಡೀತದೆ. ಆದ್ರೆ ಹೇಳಿದ್ನಲ್ಲ, ಒಂದು ಎಳೆ ಬುಟ್ರೆ ಪಕ್ಕದ್ದು ಕೊಡ್ಬೇಕು. ಹತ್ರದಾಗೆ ಯಾರವ್ರೋ ಅವರ್ದು ಹಿಡೀತಾಳೆ."

ಅಷ್ಟರಲ್ಲಿ ಭಾನುಪ್ರಿಯ ನೆನೆಯುತ್ತಾ ಓಡಿಬಂದು, ಮಂಟಪದ ಅಂಚಿನಲ್ಲಿ ನಿಂತು ಜಡೆ ಮುಂದಕ್ಕೆ ಹಾಕಿ ಹಿಂಡಿದಳು. ಅವಳ ಕತ್ತಿನ ಹಿಂದಿನಿಂದ ಬೆಳ್ಳನೆಯ ಎಳೆಯೊಂದು ಹೊರಟು, ಮಳೆಯನ್ನು ಹಾಯ್ದು, ನೆಟ್ಟಗೆ ಹೊಳೆಯ ಕಡೆಗೆ ಹೋಗಿತ್ತು. ಅದು ಸುಮ್ಮನೆ ಇರಲಿಲ್ಲ, ಸರಿಯುತ್ತಿತ್ತು.

"ಎಲ್ರೂ ಒಸಿ ದೂರ ಹೋಗಿ" ಎಂದ ಲೋಕೇಶ್. ಅವನ ದನಿ ಹೇಗಿತ್ತೆಂದರೆ ಜನ ಮಳೆಗೇ ಇಳಿದರು, ಸಿದ್ದಮ್ಮನೂ ಬುಟ್ಟಿ ಎತ್ತಿಕೊಂಡು ಎದ್ದಳು. ಅವನು ಹೆಂಡತಿಯನ್ನು ಹಿಂದಿನಿಂದ ತಬ್ಬಿ ಅವಳ ಕತ್ತಿಗೆ ಬಾಯಿ ಹಚ್ಚಿದ.

"ಥೂ, ಜನ ನೋಡ್ತಾವ್ರೆ ಕಣ್ರೀ" ಎಂದು ಭಾನುಪ್ರಿಯ ನಾಚಿಕೊಂಡಳು. ಆಮೇಲೆ, ಯಾಕೋ ಕಾಲು ಹಗುರಾಯಿತು, ಮನೆಗೆ ಹೋಗೋಣ ನಡೀರಿ ಎಂದಳು. ಎಷ್ಟೋ ದಿನದ ಮೇಲೆ ಅವಳು ತಾನಾಗಿ ಮನೆಯ ಮಾತೆತ್ತಿದ್ದು ಕೇಳಿ ಲೋಕೇಶನಿಗೆ ಅಳು ಬಂತು. ಮಳೆಯಲ್ಲೇ ಅವಳನ್ನು ಬೈಕಿಗೆ ಹತ್ತಿಸಿಕೊಂಡು ಹೊರಟುಹೋದ.

ಜನ ತಿರುಗಿ ಮಂಟಪಕ್ಕೆ ಬಂದರು. ಇದೆಲ್ಲ ನಿಜವೇನಜ್ಜಿ ಎಂದು ಒಬ್ಬರು ಕೇಳಿದರು.

"ನಿಜಾನೋ ಸುಳ್ಳೋ, ನನಗೇನು ಗೊತ್ತಪ್ಪ" ಎಂದಳು ಸಿದ್ದಮ್ಮ, ಕಡಲೆಕಾಯಿಗೆ ಗೋಣಿ ಮುಚ್ಚುತ್ತಾ. "ಆ ಹುಡುಗ ಹೋಗ್ತಾ ಹೋಗ್ತಾ ಕತ್ತು ಕೆರ್ಕತಿದ್ದ, ನೋಡಿದ್ರಾ? ಗಟ್ಟಿ ಆಳು... ಮುಂದಿನ ಮಳೆಗಾಲದ ಗಂಟ ಅವನ ನೂಲು ಬತ್ತದೆ. ಆಮ್ಯಾಕೆ ನೀವು ಯಾರೂ ಅವನ ಪಕ್ಕದಲ್ಲಿ ನಡೀಬ್ಯಾಡಿ."