ಕೋಡಿಯ ಕಲ್ಲು

ಮತ್ಮಾತಾ ಗುಡ್ಡದಿಂದ ಗಾಬೆಸ್ ಪೇಟೆಗೆ ಹೋಗುವ ವ್ಯಾನು ಎಂಟು ಜನ ತುಂಬಿದರಷ್ಟೇ ಹೊರಡುವುದು. ಎಂಟನೆಯವಳಾಗಿ ಹತ್ತಿದ ಸಲ್ಹಾ ಮುದುಕಿಯ ಚೀಲ ದಾದಿ ನೈಲಾಳ ಪಾದದ ಮೇಲೇ ಕೂತಿತು. ಎಂಥ ಭಾರ! ನೈಲಾ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನ ಸೀಟಿನ ಗಂಡಸು ಶುರುಮಾಡಿದ.

“ದೊಡ್ಡಮ್ಮ, ನಿಮ್ಮ ಮಳೆನೀರಿನ ಕಟ್ಟೆ ಗುಡ್ಡದ ಮೇಲಿದೆ, ನಮ್ಮದು ಕೆಳಗೆ. ನಿಮ್ಮದು ಒಡೆದ್ರೆ ನಮ್ಮ ಆಲಿವ್ ಗಿಡ ಒಂದೂ ಉಳಿಯಲ್ಲ.”

“ನಮ್ಮ ಮಾವ ಕಟ್ಟಿದ ಏರಿ ಕಣೋ ಧಾವ್. ಒಡೆಯಲ್ಲ.”

“ಅವರು ಹೆಚ್ಚಿನ ನೀರು ಹೊರಹೋಗೋ ಕೋಡೀನ ತಗ್ಗಲ್ಲೇ ಬಿಟ್ಟಿದ್ರು. ನಿಮ್ಮ ಮಗ ಅದರ ಮೇಲೊಂದು ಕಲ್ಲು ಕೂರಿಸಿದಾನೆ, ನೀರು ಇನ್ನೊಂದು ಗೇಣು ನಿಲ್ಲಲಿ ಅಂತ. ಜೋರು ಮಳೆ ಬಂದ್ರೆ ನೀರು ಏರಿಯ ಮೇಲೇ ಹರಿಯುತ್ತೆ. ಬರೀ ಮಣ್ಣು, ಎಷ್ಟೊತ್ತು ತಡೆಯುತ್ತೆ?”

“ಒಂದು ಗಳಿಗೆನೂ ತಡೆಯಲ್ಲ.”

“ಗೊತ್ತಿದ್ದೂ ಸುಮ್ನಿದ್ದೀರಾ?”

“ಸುಮ್ನೆ ಯಾರಿದ್ರು? ಬೆಳಿಗ್ಗೆನೇ ಕಿತ್ತೆ.”

“ಸಂಜೆಗೆ ಮತ್ತೆ ಇಡ್ತಾನೆ.”

“ಹೇಗೆ ಇಡ್ತಾನೆ? ಕಲ್ಲು ಈ ಚೀಲದಲ್ಲಿದೆ.”

ನೈಲಾ ಮೆಲ್ಲಗೆ ಪಾದ ಎಳೆದುಕೊಂಡಳು.

“ಗುಡ್ಡದಲ್ಲಿ ಬೇರೆ ಕಲ್ಲಿಗೇನು ಬರವಾ?” ಎಂದು ಧಾವ್ ನಕ್ಕ.

“ಬರ ಇಲ್ಲ. ಆದ್ರೆ ಹೊತ್ಕೊಂಡು ಹತ್ತೋರು ಬೇಕಲ್ಲ. ಇದನ್ನ ಹೊತ್ತಿದ್ದು ಕತ್ತೆ, ನನ್ನ ಮಗ ಅಲ್ಲ. ಬೆಳಿಗ್ಗೆ ವ್ಯಾನಿನ ತನಕ ತಂದಿದ್ದೂ ಅದೇ. ಆ ಕತ್ತೆ ಈಗ ನನ್ನ ತಂಗಿ ಮನೇಲಿದೆ.”

ಗಾಬೆಸ್‌ನಲ್ಲಿ ಇಬ್ಬರೂ ಇಳಿದರು. ಕೇಳುವ ಮೊದಲೇ ಧಾವ್ ಚೀಲವನ್ನು ಹೆಗಲಿಗೇರಿಸಿದ. ಭಾರಕ್ಕೆ ಒಂದು ಹೆಜ್ಜೆ ತತ್ತರಿಸಿದ.

“ನಿಧಾನವಾಗಿ ನಡಿಯೋ,” ಎಂದಳು ಮುದುಕಿ. “ನೀನು ಹೊತ್ತಿರೋದು ನಿನ್ನ ಆಲಿವ್ ತೋಟಾನೇ.”