ಲಿಸ್ಬನ್ನಿಂದ ಬಂದ ಬದನೆಕಾಯಿ ಅಂಚು

ಏಯ್, ಏಯ್... ಕೈ ತೆಗಿ! ಪೊಟ್ಟಣ ಈಗ್ಲೇ ಬಿಚ್ಚಂಗಿಲ್ಲ. ಹೇಳಿದ್ನಲ್ಲ, ಸಿಕ್ತು ಅಂತ! ಸಿಕ್ತು ಕಣೇ ಕುಸುಮಾ, ನಿಮ್ಮಮ್ಮನ ಸೀರೆಗೆ ಅಂಚು ಸಿಕ್ತು. ಚಿಕ್ಕಪೇಟೇಲಿ ಇಲ್ಲ, ಅವೆನ್ಯೂ ರೋಡಲ್ಲಿ ಇಲ್ಲ, ಹೋಗಿ ಹೋಗಿ ಲಿಸ್ಬನ್ನಲ್ಲಿ ಸಿಕ್ತು! ಭಾನುವಾರ ನಿನ್ನ ಮಗಳು ರಕ್ಷಾ ಅದೇ ಸೀರೆ ಉಟ್ಕೊಂಡು ನಿಶ್ಚಿತಾರ್ಥಕ್ಕೆ ಕೂತ್ಕೋತಾಳೆ, ಅಕ್ಕಯ್ಯಮ್ಮನೋರು ತಮ್ಮ ಧಾರೆ ಸೀರೇಲಿ ಮೊಮ್ಮಗಳನ್ನ ಕಣ್ತುಂಬ ನೋಡ್ತಾರೆ. ಆಯ್ತಲ್ಲ? ಇನ್ನು ಕೂತ್ಕೋ. ಮೊದ್ಲು ಕಥೆ, ಆಮೇಲೆ ಪೊಟ್ಟಣ.

ಮಿಷಿನ್ ನಿಲ್ಸು. ಆ ಪಿಕೋ ಎಲ್ಲೂ ಓಡಿಹೋಗಲ್ಲ. ಇಷ್ಟು ದಿನ ಒಬ್ಳೇ ಅಂಗಡಿ ನೋಡ್ಕೊಂಡಿದೀಯ, ಒಂದು ಕಾಫಿ ಕುಡಿಯೋವಷ್ಟು ಹೊತ್ತು ಕೂತ್ರೆ ಉಪನಗರದ ಹೆಂಗಸ್ರು ಫಾಲ್ಸ್ ಇಲ್ದೆ ಸಾಯಲ್ಲ. ಏನು? ಭಾನುವಾರಕ್ಕೆ ಟೈಮಿಲ್ವಾ? ಅಯ್ಯೋ, ಅಂಚು ಕೂರಿಸೋದಕ್ಕೆ ನಿಂಗೆಷ್ಟು ಹೊತ್ತು ಬೇಕು? ನಿನ್ನ ಕೈ ನಂಗೊತ್ತಿಲ್ವಾ!

ಹಾಂ... ಎಲ್ಲಿದ್ದೆ? ಲಿಸ್ಬನ್. ನಮ್ಮನೆಯವರ ಫ್ಯಾಕ್ಟ್ರಿಯ ರಿಟೈರ್ಡ್ ಗುಂಪಲ್ವಾ, ಟೂರ್ ಅಂದ್ರೆ ಬೆಳಗ್ಗೆಯಿಂದ ಬರೀ ಕೋಟೆ, ಚರ್ಚು, ಗೋಪುರ. ಕರ್ಕೊಂಡ್ಹೋಗಿದ್ದ ಹುಡುಗ ಮಧ್ವೇಶ್ ಅಂತ, ರಾಜಾಜಿನಗರದೋನು. ಒಂದು ಕೆಂಪು ಬಾವುಟ ಹಿಡ್ಕೊಂಡು ಮುಂದೆ ಮುಂದೆ ಓಡ್ತಾನೆ, ಇವ್ರೆಲ್ಲ ಮಂಡಿ ಹಿಡ್ಕೊಂಡು ಹಿಂದೆ ಹಿಂದೆ. ನಾನು? ನಾನು ಅಂಗಡಿ ಕಂಡ್ರೆ ನಿಂತ್ಬಿಡ್ತೀನಿ! 'ಆಂಟಿ, ಕ್ಯಾಥೆಡ್ರಲ್ ಈ ಕಡೆ' ಅಂತಾನೆ. ಕ್ಯಾಥೆಡ್ರಲ್ ಎಲ್ಲಿಗೂ ಹೋಗಲ್ಲಪ್ಪ, ಅಂಗಡಿ ಬಾಗಿಲು ಹಾಕ್ತಾರೆ ಅಂದೆ.

ನಗ್ತೀಯಾ? ನಗು ನಗು. ಅಲ್ಲಿ ಅಂಗಡಿಗಳು ಹೆಂಗಿದಾವೆ ಗೊತ್ತಾ? ಒಂದಂಗಡೀಲಿ ಒಂದೇ ಸಾಮಾನು! ನಮ್ಮ ಥರ ಫಾಲ್ಸ್ ಜೊತೆಗೆ ಸೇಫ್ಟಿ ಪಿನ್ನು, ರಬ್ಬರ್ ಬ್ಯಾಂಡು, ರೀಚಾರ್ಜು ಅಂತ ಇಲ್ಲ. ಒಂದಂಗಡಿ ತುಂಬ ಬರೀ ಡಬ್ಬೀಲಿರೋ ಮೀನು. ನೆಲದಿಂದ ಸೂರಿನವರೆಗೆ ಡಬ್ಬಿ! ಬಣ್ಣಬಣ್ಣದ ಕಾಗದ ಸುತ್ತಿ ಜೋಡ್ಸಿದಾರೆ, ನಾನು ಮೊದ್ಲು ಚಾಕ್ಲೇಟ್ ಅಂದ್ಕೊಂಡು ಮೊಮ್ಮಗನಿಗೆ ಅಂತ ಎತ್ಕೊಂಡಿದ್ದೆ. ಮಧ್ವೇಶ್ ನೋಡಿ, 'ಆಂಟಿ, ಅದು ಮೀನು' ಅಂತ ಕೆಳಗಿಡಿಸ್ದ.

ಇನ್ನೊಂದು, ಇಷ್ಟೇ ಇಷ್ಟು ಅಗಲ, ನಮ್ಮ ಟ್ರಯಲ್ ರೂಮಷ್ಟೂ ಇಲ್ಲ. ಬರೀ ಗ್ಲೌಸು! ಒಬ್ರು ಒಳಗಿದ್ರೆ ಇನ್ನೊಬ್ರು ರೋಡಲ್ಲಿ ಕಾಯ್ಬೇಕು. ಒಳಗೆ ಹೋದ್ರೆ ಮೊಣಕೈ ಇಡೋದಕ್ಕೆ ಪುಟ್ಟ ದಿಂಬು ಕೊಡ್ತಾನೆ ಕಣೇ. ಆಮೇಲೆ ಪೌಡರ್ ಹಾಕಿ, ಒಂದೊಂದೇ ಬೆರಳು ನೀವಿ ನೀವಿ ತೊಡಿಸ್ತಾನೆ, ನಮ್ಮ ಬಳೆಗಾರ ಕೈ ಹಿಸುಕಿ ಬಳೆ ಏರಿಸ್ತಾನಲ್ಲ, ಹಂಗೆ. ನಂಗೆ ನಾಚ್ಕೆ ಆಗ್ಹೋಯ್ತು! ಇವ್ರು ಹೊರಗಡೆಯಿಂದ ಇಣುಕಿ, 'ಕೆಂಗೇರೀಲಿ ಗ್ಲೌಸ್ ಹಾಕ್ಕೊಂಡು ಏನು ಮಾಡ್ತೀಯ, ಹಸಿಮೆಣಸಿನಕಾಯಿ ಹೆಚ್ತೀಯಾ?' ಅಂದ್ರು. ಅವ್ರಿಗೆ ಯಾವತ್ತೂ ಇಷ್ಟೇ.

ತಡಿ ತಡಿ, ಇನ್ನೊಂದು ಹೇಳ್ತೀನಿ, ನೀನು ನಂಬಲ್ಲ. ಗೊಂಬೆ ಆಸ್ಪತ್ರೆ! ಹೂಂ ಕಣೇ, ಗೊಂಬೆಗಳಿಗೇ ಆಸ್ಪತ್ರೆ. ನಮ್ಮ ದಸರಾ ಗೊಂಬೆ ಮೂಗು ಮುರಿದ್ರೆ ಗೋಂದು ಮೆತ್ತಿ ಹಿಂದಿನ ಸಾಲಿಗೆ ತಳ್ತೀವಿ. ಅಲ್ಲಿ ಬಿಳೀ ಕೋಟು ಹಾಕ್ಕೊಂಡು ರಿಪೇರಿ ಮಾಡ್ತಾರೆ. ಒಂದು ಡ್ರಾ ತುಂಬ ಕೈ, ಒಂದು ಡ್ರಾ ತುಂಬ ಕಾಲು, ಒಂದು ತುಂಬ ಕಣ್ಣು. ಹಳೇ ಕಣ್ಣು ತೆಗ್ದು ಹೊಸಾ ಕಣ್ಣು ಕೂರಿಸಿದ್ರು, ನನ್ನೆದುರಿಗೇ. ಎಷ್ಟು ಸಲೀಸು... ಗೊಂಬೆ ಕಮಕ್ ಕಿಮಕ್ ಅನ್ಲಿಲ್ಲ.

ಏನಿಲ್ಲ. ಸುಮ್ನೆ ನೆನಪಾಯ್ತು. ಕಾಫಿ ಕುಡಿ, ಆರೋಗುತ್ತೆ.

ಸರಿ, ಈಗ ವಿಷ್ಯಕ್ಕೆ ಬರ್ತೀನಿ. ನೀನು ನಿಮ್ಮಮ್ಮನ ಸೀರೆಯ ಸವೆದ ಅಂಚಿನ ಚೂರು ಕೊಟ್ಟಿದ್ಯಲ್ಲ, ಅದನ್ನ ಪರ್ಸೊಳಗೆ ಪಿನ್ ಹಾಕಿ ಇಟ್ಕೊಂಡಿದ್ದೆ. ಕೊನೇ ದಿನ ಮಧ್ವೇಶ್ ಒಂದು ದೊಡ್ಡ ಚೌಕದಲ್ಲಿ ಬಿಟ್ಟು, ಒಂದು ಗಂಟೆ ನಿಮ್ಮಿಷ್ಟ ಅಂದ. ಇವ್ರು ಬೆಂಚ್ ನೋಡ್ಕೊಂಡ್ರು. ನಾನು ಪಕ್ಕದ ಬೀದಿಗೆ ತಿರುಗಿದ್ನೋ ಇಲ್ವೋ... ಅಯ್ಯೋ ಕುಸುಮಾ! ಬೀದಿಗೆ ಬೀದೀನೇ ನಮ್ಮೋರು! ಗುಂಡಿ, ದಾರ, ಲೇಸು, ರಿಬ್ಬನ್ನು, ಸಾಲಾಗಿ ಅಂಗಡಿಗಳು. ಕಣ್ಣಲ್ಲಿ ನೀರು ಬಂದ್ಬಿಡ್ತು ನಂಗೆ. ಊರು ಬಿಟ್ಟು ಊರಿಗೆ ಬಂದು ಸ್ವಂತ ಅಂಗಡಿ ಮುಂದೆ ನಿಂತಂಗಾಯ್ತು.

ಒಂದಕ್ಕೆ ನುಗ್ಗಿದೆ. ಗಲ್ಲಾದ ಹಿಂದೆ ಒಬ್ಬಳು ಅಜ್ಜಿ. ನಂಗಿಂತ ದೊಡ್ಡೋಳು, ಕತ್ತಲ್ಲಿ ಟೇಪು ನೇತಾಡ್ತಿದೆ. ಡಬ್ಬಿಗಳ ಮೇಲೆ ಒಂದೊಂದು ಗುಂಡಿ ಹೊಲ್ದು ಇಟ್ಟಿದಾಳೆ, ಒಳಗೇನಿದೆ ಅಂತ ಗೊತ್ತಾಗ್ಲಿ ಅಂತ, ನಾವು ಮಾಡಲ್ವಾ, ಹಂಗೇ! ಅವಳು ಅವಳ ಭಾಷೇಲಿ ಏನೋ ಕೇಳಿದ್ಲು, ನಾನು ಕನ್ನಡದಲ್ಲಿ ಹೇಳ್ದೆ, 'ಅಜ್ಜಿ, ಇದಕ್ಕೆ ಮ್ಯಾಚಿಂಗ್ ಬೇಕು, ಎರಡು ಬೆರಳು ಅಗಲ, ಜರಿ ಬೇಡ.' ತಿಳೀತು ಕಣೇ ಅವಳಿಗೆ! ಏಣಿ ಹತ್ತಿ ರೇಷ್ಮೆ ರಿಬ್ಬನ್ ಇಳಿಸಿದ್ಲು ನೋಡು, ಗಲ್ಲಾ ತುಂಬ ಸುರುಳಿ ಸುರುಳಿ.

ಆಮೇಲೆ ನಾನೇನ್ಮಾಡ್ದೆ ಹೇಳು? ನಾವೇನ್ಮಾಡ್ತೀವಿ? ಟ್ಯೂಬ್‌ಲೈಟಲ್ಲಿ ಬಣ್ಣ ನಂಬ್ತೀವಾ? ಸೀದಾ ಮೆಟ್ಲಿಗೆ ಬಂದು ಬಿಸಿಲಿಗೆ ಹಿಡೀತೀವಿ. ಗಿರಾಕಿ ಫಾಲ್ಸ್ ಎತ್ಕೊಂಡು ಬಸ್ ಸ್ಟಾಪಿನವರೆಗೆ ಹೋದ್ರೂ ನಾವು ಯಾಕೆ ಅನ್ನಲ್ಲ. ಅದೇ ಅಭ್ಯಾಸ! ನಾನು ಎರಡು ಮೂರು ಸುರುಳಿ ಎತ್ಕೊಂಡೆ, ದಡದಡ ರೋಡಿಗೆ ಬಂದೆ. ಅಲ್ಲಿ ಬಿಲ್ಡಿಂಗ್ ನೆರಳು. ಸರಿ, ಇನ್ನೊಂಚೂರು ಮುಂದೆ ಹೋದೆ. ಅಲ್ಲೂ ನೆರಳು. ಇನ್ನೊಂಚೂರು...

ನೀನು ಈಗ್ಲೇ ನಗ್ಬೇಡ, ಪೂರ್ತಿ ಕೇಳು! ಹಿಂದೆಯಿಂದ ಅಜ್ಜಿ ಕಿರುಚ್ಕೊಂಡು ಬರ್ತಿದಾಳೆ. ಕಳ್ಳಿ ಅಂದ್ಕೊಂಡ್ಲು ನನ್ನ! ಮೈಸೂರು ಸಿಲ್ಕ್ ಸೀರೆ ಉಟ್ಟು, ಕಾಲಿಗೆ ಶೂ ಹಾಕ್ಕೊಂಡು, ಹೆಗಲ ಮೇಲೆ ರಿಬ್ಬನ್ ಬಾಲ ಬಿಟ್ಕೊಂಡು ಓಡ್ತಿರೋ ಕಳ್ಳಿ! ಟ್ರಾಮ್ ನಿಂತ್ಹೋಯ್ತು. ಎದುರಂಗಡಿಯೋನು ಆಚೆ ಬಂದ. ಮತ್ತೆ ನಮ್ಮನೆಯವರು? ದೂರದ ಬೆಂಚಿಂದ ನನ್ನ ನೋಡಿದ್ರು. ನೋಡಿ, ಎದ್ದು, ಆ ಕಡೆ ತಿರುಗಿ ಕೂತ್ರು! ನನ್ನ ಪರಿಚಯಾನೇ ಇಲ್ಲ ಅನ್ನೋ ಥರ! ಮನೆಗೆ ಬಂದ್ಮೇಲೆ ಎರಡು ದಿನ ಅವ್ರಿಗೆ ಉಪ್ಪಿಟ್ಟೇ ಗತಿ ಮಾಡ್ದೆ.

ಆಗ ನಾನು ಬಿಸಿಲಲ್ಲಿ ನಿಂತು ಚೂರನ್ನೂ ರಿಬ್ಬನ್ನೂ ಜೊತೇಲಿ ಎತ್ತಿ ಹಿಡಿದೆ, ನೋಡಮ್ಮ ತಾಯಿ ಅಂತ. ಅಜ್ಜಿ ಗಕ್ಕನೆ ನಿಂತ್ಲು. ನನ್ನ ನೋಡಿದ್ಲು, ಆಕಾಶ ನೋಡಿದ್ಲು, ಹೊಟ್ಟೆ ಹಿಡ್ಕೊಂಡು ನಗೋದಕ್ಕೆ ಶುರು ಮಾಡಿದ್ಲು! ಆಮೇಲೆ ಅವಳೇ ಚೂರು ಕಿತ್ಕೊಂಡು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ್ಲು. ಇಬ್ರು ಮುದುಕೀರು ನಡುಬೀದೀಲಿ ರಿಬ್ಬನ್ ಹಿಡ್ಕೊಂಡು ನಿಂತಿದೀವಿ, ಜನ ಫೋಟೋ ತೆಗೀತಿದಾರೆ! ನಿಂಗೆ ಗೊತ್ತಾ, ಇಡೀ ಟೂರಲ್ಲಿ ನಂಗೆ ಅಷ್ಟು ಖುಷಿ ಬೇರೆಲ್ಲೂ ಆಗ್ಲಿಲ್ಲ.

ಸರಿ ಸರಿ, ಕಣ್ಣು ಪೊಟ್ಟಣದ ಮೇಲೇ ಇದೆ ನಿಂದು. ಸೀರೆ ತಂದಿದೀಯಾ? ಹರಡು, ಗಲ್ಲಾ ಮೇಲೇ ಹರಡು. ಆಹಾ... ಅರಿಶಿನದ ಮೈ, ಬದನೆಕಾಯಿ ಅಂಚು. ಈಗಿನೋರು ಎಲ್ಲಿ ನೇಯ್ತಾರೆ ಇಂಥದ್ದು! ಬಿಚ್ಚು, ನೀನೇ ಬಿಚ್ಚು.

ಹೂಂ, ಎರಡಿದಾವೆ. ಒಂದು, ಆ ಪಿನ್ ಹಾಕಿರೋದು, ನಾನು ಆರಿಸಿದ್ದು. ಇನ್ನೊಂದು ಅಜ್ಜೀನೇ ಕೊಸರು ಹಾಕಿದ್ಲು ಕಣೇ, ಅಲ್ಲೂ ಕೊಸರು! ಬೇಡ ಬೇಡ ಅಂದ್ರೂ ನನ್ನ ಕೈ ಹಿಡ್ಕೊಂಡು, ಕೆನ್ನೆ ಸವರಿ, ಪೊಟ್ಟಣದೊಳಗೆ ತುರುಕಿದ್ಲು. ಸಾಕಾಗ್ದೆ ಹೋದ್ರೆ ಅಂತ ಇರ್ಬೇಕು. ಅದೇ ಬಣ್ಣ, ಅದೇ ಅಗಲ.

ಹೆಂಗಿದೆ?

ಯಾಕೆ ಅದನ್ನ ಪಕ್ಕಕ್ಕಿಟ್ಟೆ? ನಾನು ಆರಿಸಿದ್ದು ಅದೇ ಅಲ್ವಾ... ಆರಿಸಿದ್ದನ್ನ ಪಕ್ಕಕ್ಕಿಟ್ಟು ಕೊಸರಿನದನ್ನ ಸೀರೆ ಮೇಲಿಡ್ತೀಯಲ್ಲ. ಯಾವುದಾದ್ರೇನು, ಎರಡೂ... ಎಲ್ಲಿಗೆ ಹೊರಟೆ? ಓ, ಬಿಸಿಲಿಗಾ. ನೋಡು, ನೋಡು. ನಾನೂ ಬಿಸಿಲಿಗೆ ಹಿಡಿದೇ ತಂದಿದ್ದು.

ಕುಸುಮಾ? ಮೆಟ್ಲ ಮೇಲೆ ನಿಂತು ಯಾಕೆ ನನ್ನೇ ನೋಡ್ತೀಯ? ಒಳಗೆ ಬಾ.

ಅದೇನು ತೆಗೀತಿದೀಯ ಡಬ್ಬಿಯಿಂದ? ದಾರಾನಾ? ಕೆಳಗಿನ ಸಾಲು, ಬಾಗಿಲ ಕಡೆಯಿಂದ ಎರಡನೇದು... ಅದು ಕಾಫಿಪುಡಿ ಬಣ್ಣದ ಡಬ್ಬಿ. ಕಾಫಿಪುಡಿ ದಾರ ಯಾಕೆ? ನಾನು ಆರಿಸಿದ್ದರ ಮೇಲೆ ಯಾಕೆ ಇಡ್ತೀಯ ಅದನ್ನ?

...ಕಾಫಿಪುಡಿ ದಾರಾನೇ ಕೂತ್ಬಿಡ್ತಾ? ಬದನೆಕಾಯಿ ಬಣ್ಣ ಅಲ್ವಾ ಇದು?

ಓ.

ಅದಕ್ಕೇ ಆ ಅಜ್ಜಿ ತಲೆ ಅಲ್ಲಾಡಿಸಿದ್ಲು. ನಾನು ಇದನ್ನ ಹಿಡಿದಾಗೆಲ್ಲ ತಲೆ ಅಲ್ಲಾಡಿಸ್ತಾಳೆ, ಇನ್ನೊಂದನ್ನ ಮುಂದಕ್ಕೆ ತಳ್ತಾಳೆ. ನನಗೇ ಬಣ್ಣ ಹೇಳಿಕೊಡ್ತಾಳಲ್ಲ ಅಂತ ಕೋಪ ಬಂದು, ಇದೇ ಬೇಕು ಅಂತ ಹಟ ಹಿಡಿದೆ. ಅವಳು ಕೊಸರು ಹಾಕಿದ್ದಲ್ಲ ಕಣೇ... ಅವಳಿಗೆ ಗೊತ್ತಾಗಿತ್ತು. ನಡುಬೀದೀಲಿ ನಗ್ತಾ ನಗ್ತಾನೇ ಗೊತ್ತಾಗ್ಹೋಗಿತ್ತು. ನಿಂಗಿಂತ ಮುಂಚೆ, ನಮ್ಮನೆಯವರಿಗಿಂತ ಮುಂಚೆ.

ಹಂಗೆ ನೋಡ್ಬೇಡ. ಟೂರಿಗೆ ಮುಂಚೇನೇ ಡಾಕ್ಟ್ರು ಹೇಳಿದಾರೆ. ಪೊರೆ ಅಂತೆ, ಎರಡೂ ಕಣ್ಣಿಗೆ. ಆಪರೇಷನ್ ಮಾಡಿದ್ರೆ ಬಣ್ಣ ಮೊದ್ಲಿನ ಥರಾನೇ ಕಾಣುತ್ತಂತೆ. ಯಾರಿಗೂ ಹೇಳ್ಲಿಲ್ಲ. ಹೆದರಿಕೆ ಕಣೇ! ಕಣ್ಣಿಗೆ ಕತ್ತಿ ಅಂದ್ರೆ ಜೀವ ಬಾಯಿಗೆ ಬರುತ್ತೆ ನಂಗೆ. ಅಂಗಡೀಲಿ ಡಬ್ಬಿ ಸಾಲು ನೆನಪಿಟ್ಕೊಂಡು ನಡೆಸ್ದೆ, ಗಿರಾಕಿಗಳಿಗೆ ನೀವೇ ಬಿಸಿಲಲ್ಲಿ ನೋಡ್ಕೊಳ್ಳಿ ಅಂದೆ. ಅಲ್ಲಿ ಸಾಲು ಗೊತ್ತಿರ್ಲಿಲ್ಲ ನೋಡು.

ಅಳ್ತೀಯಾ? ಥೂ, ನಿಶ್ಚಿತಾರ್ಥದ ಸೀರೆ ಮೇಲೆ ಕಣ್ಣೀರು ಹಾಕ್ತಾರಾ! ಒರೆಸ್ಕೋ. ಬರ್ತೀನಿ, ಬರ್ತೀನಿ ಡಾಕ್ಟ್ರ ಹತ್ರ, ನಿಶ್ಚಿತಾರ್ಥ ಮುಗೀಲಿ, ನೀನೇ ಕೈ ಹಿಡ್ಕೊಂಡು ಕರ್ಕೊಂಡ್ಹೋಗು. ಹಾಂ? ಸೋಮವಾರಾನೇ? ...ಆಯ್ತು ಮಾರಾಯ್ತಿ, ಸೋಮವಾರಾನೇ. ಈಗ ಮಿಷಿನ್ ಹಾಕು, ಅಂಚು ಕೂರ್ಸು. ಯಾವುದು ಅಂತ ನೀನೇ ನೋಡಿ ತಗೋ, ನಂಗೆ ಎರಡೂ ಒಂದೇ ಥರ ಕಾಣ್ತಿದೆ.