ಮುಂಗುಸಿ ನುಗ್ಗಲಾಗದ ಗೂಡು

ನಮ್ಮ ಊರಿನಂಥದೇ ಒಂದು ಊರು, ಅಲ್ಲೊಬ್ಬ ಅನುಕೂಲಸ್ಥ ಯಜಮಾನ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವೆಲ್ಲ ಚರ್ಚಿನಲ್ಲೇ ತಿರುಗಿ ಹಿಂದಿನ ಬೆಂಚಿನಲ್ಲಿ ಯಾರನ್ನೋ ನೋಡುತ್ತೀರಿ. ಅವನ ಹೆಂಡತಿ ಹಿತ್ತಲಲ್ಲಿ ಕೋಳಿ ಸಾಕಿದ್ದಳು. ಮರಿಯಿಂದಲೇ ಕೈಯಲ್ಲಿ ನುಚ್ಚು ತಿನ್ನಿಸಿ ಬೆಳೆಸಿದ ಕೋಳಿಗಳು. ಮುಂಗುಸಿ ಒಂದನ್ನು ಹೊತ್ತೊಯ್ದಿತು, ಕಾಡುಬೆಕ್ಕು ಇನ್ನೊಂದನ್ನು ಹೊತ್ತೊಯ್ದಿತು. ಆಕೆ ಊಟ ಬಿಟ್ಟು ಅತ್ತಳು. ನೋಡಿ, ಯಜಮಾನನಿಗೆ ಹೆಂಡತಿಯ ಮೇಲೆ ಪ್ರೀತಿ ಇತ್ತು, ಅದರಲ್ಲಿ ಸಂಶಯ ಬೇಡ. "ಅಳಬೇಡ ಕಣೇ. ಸೈತಾನನೇ ಬಂದ್ರೂ ಒಳಗೆ ಹೋಗೋಕಾಗ್ಬಾರ್ದು, ಅಂಥ ಗೂಡು ಕಟ್ಟಿಸ್ತೀನಿ" ಎಂದ.

ಕಟ್ಟಿಸಿದ. ಹೇಗೆ ಕಟ್ಟಿಸಿದ ಗೊತ್ತೇ? ಮುಂಗುಸಿ ನೆಲ ಕೊರೆಯುತ್ತದೆಂದು ಮಂಡಿಯಾಳ ತೋಡಿಸಿ ಮಣ್ಣಿನೊಳಗೂ ಕಬ್ಬಿಣದ ಜಾಲರಿ ಹೂಳಿಸಿದ. ಬೆಕ್ಕಿನ ಪಂಜ ತೂರಬಾರದೆಂದು ಸುತ್ತಲೂ ಕಿರುಬೆರಳು ಹೋಗದಷ್ಟು ಸಣ್ಣ ಕಣ್ಣಿನ ಜಾಲರಿ. ಮೇಲೆ ತಗಡು. ಬಾಗಿಲಿಗೆ ಮೇಲೊಂದು ಚಿಲಕ, ಕೆಳಗೊಂದು ಚಿಲಕ, ಜೊತೆಗೊಂದು ಬೀಗ. ನಮ್ಮ ದೇವಾಲಯಕ್ಕೂ ಅಷ್ಟು ಭದ್ರತೆ ಇಲ್ಲ. ನಮ್ಮ ಕಾಣಿಕೆ ಡಬ್ಬಿ ನೋಡಿದರೆ ಬೇಕಾಗಿಯೂ ಇಲ್ಲ, ಬಿಡಿ.

ಮುಂಗುಸಿ ಬಂದು ಸುತ್ತು ಹಾಕಿ ಹಾಗೇ ಹೋಯಿತು. ಕಾಡುಬೆಕ್ಕು ತಗಡಿನಿಂದ ಜಾರಿ ಬಿತ್ತು. ಒಂದು ಪುಕ್ಕವೂ ಸಿಗಲಿಲ್ಲ. ಯಜಮಾನನ ಎದೆ ಉಬ್ಬಿತು. ಉಬ್ಬಿದ ಎದೆ ಸುಮ್ಮನಿರುತ್ತದೆಯೇ? ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದ. "ಬನ್ನಿ ಸಾರ್, ಆ ಜಾಲರಿ ಒಂದ್ಸಲ ಎಳ್ದು ನೋಡಿ!" ಬಂದವರು ಎಳೆದರು, ಹೊಗಳಿದರು. ಹೊಗಳಿದವರನ್ನು ಬರಿ ಹೊಟ್ಟೆಯಲ್ಲಿ ಕಳಿಸಲಾದೀತೇ? "ಲೇ, ಒಂದು ಕೋಳಿ ಹಿಡಿಯೇ!" ಭಾವಮೈದ ಬಂದ, ಒಂದು ಕೋಳಿ. ಪಂಚಾಯ್ತಿ ಅಧ್ಯಕ್ಷ ಬಂದ, ಒಂದು ಕೋಳಿ. ಜಾಲರಿ ಮಾರಿದವನೇ ನೋಡಲು ಬಂದ, ಅವನಿಗೂ ಒಂದು ಕೋಳಿ! ಪ್ರತಿ ಸಲ ಆಕೆಯೇ ಹಿಡಿಯಬೇಕು, ಆಕೆಯೇ ಮಸಾಲೆ ಅರೆಯಬೇಕು. ಅವಳ ಮುಖವನ್ನು ಯಾರಾದರೂ ನೋಡಿದರೇ? ಇಲ್ಲ. ಎಲ್ಲರೂ ಗೂಡು ನೋಡುತ್ತಿದ್ದರು.

ಕೊನೆಗೆ ಉಳಿದದ್ದು ಕಾವಿಗೆ ಕೂತಿದ್ದ ಒಂದೇ ಒಂದು ಹೇಂಟೆ. ಆಗ ಯಜಮಾನ ಗೂಡಿಗೆ ತೀರ್ಥ ಚಿಮುಕಿಸಲು ಗುರುಗಳನ್ನು ಕರೆಸಿದ. ಹೌದು, ನನ್ನಂಥವರೇ, ಹೊಟ್ಟೆ ಸ್ವಲ್ಪ ಮುಂದಿದ್ದವರು. ಪ್ರಾರ್ಥನೆ ಮುಗಿಯಿತು. "ಲೇ, ಗುರುಗಳು ಬಂದವ್ರೆ..." ಎಂದು ಯಜಮಾನ ಬಾಯಿ ತೆರೆಯುವಷ್ಟರಲ್ಲಿ ಆಕೆ ಗೂಡಿನೊಳಗೆ ಹೊಕ್ಕು, ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು.

"ಏನೇ ಇದು? ಆಚೆ ಬಾ!"

"ಬರಲ್ಲ ರೀ. ಮುಂಗುಸಿ ಬಂದ್ರೆ ಕೋಲು ತಗೊಂಡು ಓಡಿಸ್ತಿದ್ದೆ. ನಿಮ್ಮನ್ನ ಯಾವ ಕೋಲಲ್ಲಿ ಓಡಿಸ್ಲಿ? ಈ ಗೂಡು ಕಟ್ಸಿದ್ದು ನನ್ನ ಕೋಳಿಗೋ, ನಿಮ್ಮ ಜಂಬಕ್ಕೋ?"

ಯಜಮಾನ ಬಾಗಿಲು ತಳ್ಳಿದ, ಜಾಲರಿ ಎಳೆದ. ಏನೂ ಜಗ್ಗಲಿಲ್ಲ. ಅಷ್ಟು ಭದ್ರವಾಗಿ ಕಟ್ಟಿಸಿದ್ದ! ಗುರುಗಳು ಮೊಸರನ್ನ ಉಂಡು ಹೋದರು.

ನಕ್ಕಿರಲ್ಲ? ಈಗ ನಿಮ್ಮ ಮನೆಗೆ ಬರೋಣ. ಗೇಟಿಗೆ ಬೀಗ, ಗೋಡೆಯ ಮೇಲೆ ಗಾಜಿನ ಚೂರು, ಬಾಗಿಲಲ್ಲಿ ಕ್ಯಾಮೆರಾ. ಯಾರಿಗಾಗಿ? ಹೆಂಡತಿ ಮಕ್ಕಳಿಗಾಗಿ. ಬೀದಿಯವನು ಅವರಿಗೆ ಒಂದು ಮಾತು ಅಂದರೆ ತೋಳೇರಿಸಿಕೊಂಡು ಹೋಗುತ್ತೀರಿ. ಆದರೆ ನೆಂಟರು ಬಂದು ಕೂತ ಕೂಡಲೇ "ಇವಳಿಗೇನು ಗೊತ್ತಾಗುತ್ತೆ ಬಿಡಿ" ಎನ್ನುವವರು ಯಾರು? ಮಗಳಿಗೆ ಲೆಕ್ಕದಲ್ಲಿ ಬಂದ ಅಂಕ ಹೇಳಿ ಎಲ್ಲರನ್ನೂ ನಗಿಸುವವರು ಯಾರು? ಅಮ್ಮಂದಿರೇ, ನೀವು ಗಂಡಂದಿರನ್ನು ತಿವಿಯಬೇಡಿ, ಸೊಸೆಯ ಅಡುಗೆಯ ಕಥೆಯನ್ನು ಪಕ್ಕದ ಮನೆಗೆ ಹಂಚುವವರು ಯಾರು? ಮುಂಗುಸಿಯೇ? ಅದು ಹಸಿವಿಗೆ ಕೊಲ್ಲುತ್ತದೆ. ನಾವು ನಾಲ್ಕು ಜನ ಭೇಷ್ ಅನ್ನಲಿ ಎಂದು ಮನೆಯವರನ್ನೇ ಕೊಯ್ದು ಬಡಿಸುತ್ತೇವೆ. ಇದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ, ಸಂಕಟವೂ ಆಗುತ್ತದೆ.

ಇವತ್ತು ಭಾನುವಾರ. ಮಧ್ಯಾಹ್ನ ಕೆಲವರ ಮನೆಗೆ ನೆಂಟರು ಬರುತ್ತಾರೆ. ಅವರನ್ನು ನಗಿಸಲು ಮನೆಯವರ ಮೇಲೊಂದು ಮಾತು ನಾಲಿಗೆಯ ತುದಿಗೆ ಬಂದರೆ ಅಲ್ಲೇ ನುಂಗಿಬಿಡಿ. ನೆಂಟರು ನಗದೆ ಹೋದರೆ ಹೋಗಲಿ. ಅಡುಗೆಮನೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಕರೆಯಿರಿ: "ಬಾ, ನೀನೂ ನಮ್ಮ ಜೊತೆ ಕೂತ್ಕೊ, ಊಟ ಮಾಡೋಣ."